ಯಶೋಧಾ ಪರೀಕ್ಷಕಿಯಾಗಿ ಹೋದ ದಿನ

ಸಂಜಯನಗರದ ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಯಶೋಧಾ ಸ್ಟಾಫ್ ರೂಮಿನಲ್ಲಿ ನನ್ನ ಎದುರಿಗೇ ಕೂರುತ್ತಾಳೆ. ಹನ್ನೊಂದು ವರ್ಷ ಒಂದು ಹಗೆಯನ್ನು ಹೊತ್ತು ತಿರುಗಿದವಳು ಅಂತ ಅವಳ ಮುಖ ನೋಡಿದರೆ ಯಾರೂ ಹೇಳಲಾರರು.

ಅವಳ ತಂದೆ ಮುನಿವೆಂಕಟಯ್ಯ ಅಬ್ಬಿಗೆರೆಯಲ್ಲಿ ರೇಡಿಯೋ, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದವರು. ಮಗಳು ಶಾಲೆಯಿಂದ ಬಂದವಳೇ ಅವರ ಪಕ್ಕ ಕೂತು ಬೆಸುಗೆ ಹಾಕುತ್ತಿದ್ದಳು. 2008ರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ, ಶೇಕಡಾ ಎಂಬತ್ತೊಂದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ನಾಲ್ಕನೆಯ ವಿಷಯವಾಗಿ ಎಲೆಕ್ಟ್ರಾನಿಕ್ಸೇ ಬೇಕು ಅಂತ ಹಟ ಹಿಡಿದಳು. ಆ ಸುತ್ತಮುತ್ತ ಅದು ಇದ್ದದ್ದು ಸೋಲದೇವನಹಳ್ಳಿ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಮಾತ್ರ.

ಅಲ್ಲಿ ಅರ್ಜಿ ನೋಡುತ್ತಿದ್ದವರು ಎಲೆಕ್ಟ್ರಾನಿಕ್ಸ್ ಉಪನ್ಯಾಸಕ ವೀರಬಸಪ್ಪ. ಮುನಿವೆಂಕಟಯ್ಯ ಕೈ ಮುಗಿದು, "ಮಗು ಚೆನ್ನಾಗಿ ಓದ್ತೈತೆ ಸಾ, ಅಂಗಡೀಲಿ ನಂಗಿಂತ ಚೆನ್ನಾಗಿ ಕೆಲ್ಸ ಮಾಡ್ತೈತೆ" ಅಂದರು.

"ಹಾಗಾದ್ರೆ ಅಂಗಡೀಲೇ ಇಟ್ಕೊಳ್ರಿ," ಅಂದರು ವೀರಬಸಪ್ಪ. "ರೇಡಿಯೋ ರಿಪೇರಿಗೆ ಪಿಯುಸಿ ಯಾಕೆ? ಇಂಗ್ಲಿಷ್ ಬೇರೆ ಬರಲ್ಲ. ಆರ್ಟ್ಸ್ ತಗೊಳ್ಳಿ."

ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ವೀರಬಸಪ್ಪ ಅರ್ಜಿಯಲ್ಲಿ ಅವಳು ಬರೆದಿದ್ದ ವಿಷಯವನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. ಯಶೋಧಾ ಅಪ್ಪನ ಮುಖ ನೋಡಿದಳು. ಅಪ್ಪ ಆ ಮನುಷ್ಯನಿಗೆ "ಸರಿ ಸಾ" ಅಂದುಬಿಟ್ಟಿದ್ದರು. ಅವಳಿಗೆ ಸಹಿಸಲಾಗದೇ ಹೋದದ್ದು ಅದು.

ದಿನಾ ಎರಡು ಬಸ್ ಬದಲಿಸಿ ಯಲಹಂಕದಲ್ಲಿ ಎಲೆಕ್ಟ್ರಾನಿಕ್ಸೇ ತೆಗೆದುಕೊಂಡು ಪಿಯುಸಿ ಓದಿದಳು. ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ 2015ರಲ್ಲಿ ನಮ್ಮಲ್ಲಿಗೆ ಬಂದಳು. ಪ್ರತಿ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರ ಪಟ್ಟಿ ಬಂದಾಗ ಅವಳು ಹುಡುಕುತ್ತಿದ್ದದ್ದು ಒಂದೇ ಕಾಲೇಜಿನ ಹೆಸರು. 2019ರ ಫೆಬ್ರವರಿಯಲ್ಲಿ ಅದು ಅವಳ ಪಾಲಿಗೆ ಬಂತು.

"ಹೊಸ ಐಸಿ ಚಿಪ್ ಕೊಂಡ್ಕೊಂಡು ಹೋಗ್ತಿದೀನಿ ಕಣ್ರೀ," ಅಂದಳು ನನಗೆ. "ಸಾಮಾನು ಸರಿ ಇರ್ಲಿಲ್ಲ ಅನ್ನೋ ನೆಪ ಆ ಮನುಷ್ಯನಿಗೆ ಸಿಗ್ಬಾರ್ದು."

ಅವಳು ಎಣಿಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಲ್ಯಾಬಿನಲ್ಲಿ ಧೂಳು. ಅರ್ಧ ಉಪಕರಣಗಳು ಸತ್ತಿದ್ದವು. ಹರ್ಷಿತಾ ಅನ್ನುವ ಹುಡುಗಿ ಜೋಡಿಸಿದ್ದ ಸರ್ಕ್ಯೂಟಿನಲ್ಲಿ ದೀಪ ಹತ್ತಲೇ ಇಲ್ಲ.

"ಇದನ್ನ ಮುಂಚೆ ಎಷ್ಟು ಸಲ ಮಾಡಿದೀಯಮ್ಮ?"

"ಮುಟ್ಟೇ ಇಲ್ಲ ಮೇಡಂ," ಹುಡುಗಿಯ ಕಣ್ಣು ತುಂಬಿತ್ತು. "ಹಳೇ ರೆಕಾರ್ಡ್ ನೋಡಿ ಬರ್ಕೊಳ್ಳಿ ಅಂದಿದ್ರು ಸರ್."

ಯಶೋಧಾ ಪರೀಕ್ಷೆ ನಿಲ್ಲಿಸಿ ಅಲ್ಲಿಯ ಪ್ರಿನ್ಸಿಪಾಲ್ ನೂರುಲ್ಲಾ ಅವರನ್ನು ಕರೆಸಿದಳು. ಚೀಲದಿಂದ ಹೊಸ ಚಿಪ್ ತೆಗೆದು, ಪಕ್ಕದಲ್ಲೇ ನಿಂತಿದ್ದ ವೀರಬಸಪ್ಪನವರ ಅಂಗೈಗೆ ಹಾಕಿದಳು.

"ಸರ್, ನೀವೇ ಒಂದ್ಸಲ ಮಾಡಿ ತೋರಿಸಿ. ಮಕ್ಕಳು ನೋಡ್ಲಿ."

ಅವರು ಚಿಪ್ಪನ್ನು ತಿರುವುಮುರುವಾಗಿ ಕೂರಿಸಿದರು. ತಂತಿ ಕಿತ್ತರು, ಮತ್ತೆ ಚುಚ್ಚಿದರು. ಕುತ್ತಿಗೆ ಬೆವೆತಿತು. ಹಿಂದಿನ ಸಾಲಿನ ಹುಡುಗರು ನಕ್ಕರು. ಯಶೋಧಾ ಅವರನ್ನು ತಡೆಯಲಿಲ್ಲ. ಅರ್ಧ ಗಂಟೆ ಕೈ ಕಟ್ಟಿ ನಿಂತು ನೋಡಿದಳು. "ಹಬ್ಬದೂಟ ಉಂಡಂಗಿತ್ತು" ಅಂತ ಆಮೇಲೆ ನನಗೆ ಹೇಳಿದಳು.

ಮಕ್ಕಳು ಹೊರಗೆ ಹೋದ ಮೇಲೆ ವೀರಬಸಪ್ಪ ಕೇಳಿದರು, "ನನ್ ಮೇಲೆ ಯಾಕಮ್ಮ ಇಷ್ಟು ದ್ವೇಷ?"

ಅವಳು ಅಪ್ಪನ ಹೆಸರು ಹೇಳಿದಳು. ಅಂಗಡಿ, ಅರ್ಜಿ, ಕೆಂಪು ಪೆನ್ನು, ಎಲ್ಲ ಹೇಳಿದಳು. ಅವರು ಹಣೆ ಉಜ್ಜಿಕೊಂಡರು.

"ಇರ್ಬಹುದಮ್ಮ. ವರ್ಷಕ್ಕೆ ನೂರಾರು ಜನ ಬರ್ತಾರೆ, ಯಾರನ್ನ ಅಂತ ನೆನಪಿಟ್ಕೊಳ್ಳಲಿ?"

ಒಂದು ಪುಟ ಬರೆದರೆ ಸಾಕಿದ್ದ ವರದಿಯನ್ನು ಅವಳು ಪಿಯು ಇಲಾಖೆಗೆ ನಾಲ್ಕು ಪುಟ ಬರೆದಳು. ಒಂದು ಸಾಲೂ ಸುಳ್ಳಿರಲಿಲ್ಲ. ಇಲಾಖೆಯವರು ಮಕ್ಕಳಿಗೆ ಬೇರೆ ಕಾಲೇಜಿನಲ್ಲಿ ನಾಲ್ಕು ದಿನ ತರಬೇತಿ ಕೊಟ್ಟು ಮರುಪರೀಕ್ಷೆ ನಡೆಸಿದರು. ಎಲ್ಲರೂ ಪಾಸಾದರು. ವೀರಬಸಪ್ಪನವರನ್ನು ಆಡಳಿತ ಮಂಡಳಿ ಮನೆಗೆ ಕಳಿಸಿತು. ಅಷ್ಟಕ್ಕೇ ನಿಲ್ಲದೆ, ಜೂನ್‌ನಿಂದ ಎಲೆಕ್ಟ್ರಾನಿಕ್ಸ್ ವಿಷಯವನ್ನೇ ಮುಚ್ಚಿತು. ಇದು ಅವಳ ಲೆಕ್ಕದಲ್ಲಿ ಇರಲಿಲ್ಲ.

ಸುದ್ದಿ ಕೇಳಿ ಮುನಿವೆಂಕಟಯ್ಯ ಹಿಗ್ಗಲಿಲ್ಲ. "ಅವನ್ಗೆ ಮಾಡಿದ್ದು ಸರಿಯವ್ವ. ಆದ್ರೆ ಇನ್ಮೇಲೆ ನಮ್ ಕಡೆ ಮಕ್ಳು ಎಲ್ಲೋಗಬೇಕು?"

ಮೂರನೆಯ ದಿನ ಅವಳು ನಮ್ಮ ಪ್ರಿನ್ಸಿಪಾಲರ ಎದುರು ಕೂತು, ಆ ಕಡೆಯ ಮಕ್ಕಳಿಗೆ ಅಂತ ಎಲೆಕ್ಟ್ರಾನಿಕ್ಸಿಗೆ ಇನ್ನೊಂದು ಬ್ಯಾಚ್ ಕೊಡಿ, ಬೆಳಗ್ಗೆ ಏಳೂವರೆಗೆ ನಾನೇ ಪಾಠ ಮಾಡ್ತೀನಿ ಅಂತ ಹಟ ಹಿಡಿದು ಒಪ್ಪಿಸಿದಳು. ಹನ್ನೊಂದು ಮಕ್ಕಳು ಸೇರಿದರು. ಏಳು ಮಂದಿ ಕನ್ನಡ ಮಾಧ್ಯಮದವರು.

"ಪಾಪ ತೊಳ್ಕೊಂಡೆ ಬಿಡು," ಅಂದೆ ನಾನು.

"ಯಾವ ಪಾಪ?" ಅಂದಳು ಕೆರಳಿ. "ಮಕ್ಕಳ ವಿಷಯ ಬೇರೆ. ನೆನಪಿಲ್ಲ ಅಂದ್ರಲ್ಲ ಆ ಮನುಷ್ಯ, ಅದಕ್ಕಿನ್ನೂ ನನ್ನ ಹೊಟ್ಟೆ ಉರೀತಿದೆ."