ಮೆಟ್ಟಿಲು ಬಲ್ಲ ನಾಯಿ

ನಕ್ಸಲರ ಭಯಕ್ಕೆ ತೋಲ್ಪೆಟ್ಟಿ ಕಡೆಯ ಜಮೀನ್ದಾರರೊಬ್ಬರು ಬಂಗಲೆ ಬಿಟ್ಟು ಹೋದಾಗ ಅವರ ನಾಯಿ ಅಲ್ಲೇ ಉಳಿಯಿತು. ಅಪ್ಪ ಅದನ್ನು ನಮ್ಮ ಮನೆಗೆ ತಂದರು. ಕೂಸಿರುವ ಮನೆಗೆ ಕಚ್ಚುವ ನಾಯಿ ಬೇಡವೆಂದು ಅಮ್ಮ ಹಟ ಹಿಡಿದಳು. ಸರಿ, ಅಪ್ಪನ ಪರೀಕ್ಷೆ ಶುರುವಾಯಿತು. ನಾಯಿ ಉಣ್ಣುವಾಗ ತಟ್ಟೆಗೆ ಕೈ ಹಾಕಿದರು. ನನ್ನಿಂದ ಬಾಲ ಎಳೆಸಿದರು. ಪುಟ್ಟ ತಂಗಿಯನ್ನು ಅದರ ಪಕ್ಕದಲ್ಲೇ ಕೂರಿಸಿದರು. ಅವಳು ಕಿವಿ ಹಿಂಡಿದರೂ ಅದು ಸುಮ್ಮನೆ ಆಕಳಿಸಿತು.

"ಹಸು ಇದ್ದಂಗದೆ ಇದು," ಎಂದು ಎಂಟನೆಯ ದಿನ ಅಪ್ಪ ತೀರ್ಪು ಕೊಟ್ಟರು.

ಮರುದಿನ ತಂಗಿ ಒಂದೇ ಸಮನೆ ಅಳುತ್ತಿದ್ದಳು. ಅಮ್ಮನ ಎರಡೂ ಕೈ ಹಿಟ್ಟಾಗಿತ್ತು. ಕಾಡಿನ ಆದಿವಾಸಿ ಹಾಡಿಯಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ನನ್ನನ್ನು ಅದೇ ಅಂಗಳದಲ್ಲಿ ಎತ್ತಿ ಆಡಿಸಿದವಳೂ ಅವಳೇ.

"ಮೇಲೆ ಬಂದು ಮಗೂನ ಎತ್ಕೊ," ಎಂದು ಅಮ್ಮ ಎಂದೂ ಇಲ್ಲದೆ ಅವಳನ್ನು ಕರೆದಳು.

ಅವಳು ಜಗಲಿಯ ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ನಾಯಿ ಹಲ್ಲು ಕಿಸಿದು ಎದ್ದು ನಿಂತಿತು. ಅವಳು ಅಂಗಳಕ್ಕೆ ಇಳಿದಳು, ನಾಯಿ ಮಲಗಿತು. ಮತ್ತೆ ಕಾಲಿಟ್ಟಳು, ಮತ್ತೆ ಎದ್ದಿತು.

"ಹಾಡಿಯೋರು ಮೆಟ್ಲು ಹತ್ತದಂಗೆ ಆ ಬಂಗಲೆಯೋರು ಕಲಿಸವ್ರೆ," ಎಂದು ಅಪ್ಪ ಸಿಡುಕಿದರು.

"ಬಿಡಿ ಅಯ್ಯಾ, ಇಷ್ಟು ವರ್ಸ ನಾನು ನಿಂತಿದ್ದೂ ಇಲ್ಲೇ ಅಲ್ವಾ," ಎಂದಳು ಅವಳು.

ನನಗೆ ಮೈಯೆಲ್ಲ ಉರಿದುಹೋಯಿತು. ಕೋಲೆತ್ತಿಕೊಂಡೆ. ನಾಯಿಗೆ ಬಂಗಲೆಯವರು ಕಲಿಸಿದ್ದರು, ಸರಿ; ಅವಳಿಗೆ ಕಲಿಸಿದ್ದು ಯಾರು? ಎತ್ತಿದ ಕೋಲನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯದೆ ಹಾಗೇ ನಿಂತೆ.