ಕೈಗೆ ಸಿಗದ ಫೋನ್ ನಂಬರು

ಇಸ್ತ್ರಿ ಅಂಗಡಿಯ ಮುಂದೆ ನಿಂತು ಅವಳು ತನ್ನ ಫೋನನ್ನು ಅಂಗೈಯಲ್ಲಿ ಹಿಡಿದಿದ್ದಳು. "ಒಂದು ರಿಂಗ್ ಕೊಡಪ್ಪ, ಸರಿಯಿದೆಯಾ ನೋಡೋಣ" ಎಂದಳು. ಇಸ್ತ್ರಿಯವನು ಕಾದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನಂಬರ್ ಒತ್ತಿದ. ಫೋನು ಬೀದಿಗೆಲ್ಲ ಕೇಳುವಂತೆ ಬಡಿದುಕೊಂಡಿತು.

"ಫೋನ್ ಗಟ್ಟಿಮುಟ್ಟಾಗಿದೆ ಅಕ್ಕಾ. ಕೆಟ್ಟಿರೋದು ಜನ."

ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಲೇ ತಲೆ ನರೆತವಳು ಅವಳು. ಮಿಷನ್ ನಿಂತ ಕೂಡಲೇ ಕೂಗಿದರೆ ಬರುತ್ತಿರಲಿಲ್ಲ. "ಸೂಜಿ ನೋಡಿದೆಯಾ? ಬಾಬಿನ್ ತೆಗೆದು ಒರೆಸಿದೆಯಾ? ಮೊದಲು ನೀನು ನೋಡು, ಆಮೇಲೆ ನನ್ನ ಕರಿ" ಎನ್ನುವುದು ಅವಳ ಕಟ್ಟುನಿಟ್ಟು. ನಿವೃತ್ತಿಯ ನಂತರ ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಕೂತು ಬ್ಲಾಗ್ ಶುರು ಮಾಡಿದಾಗಲೂ ಅದನ್ನೇ ಪಾಲಿಸಿದಳು. ಒಂದೊಂದು ತೊಂದರೆಗೆ ಒಂದೊಂದು ಬರಹ, ಜೊತೆಗೆ ಫೋಟೊ. ಬರಹಗಳೆಲ್ಲ ಮುಗಿದ ಮೇಲೆ, ಪುಟದ ಕಟ್ಟಕಡೆಗೆ ಒಂದು ಸಾಲು: "ಇಷ್ಟಾದರೂ ಮಿಷನ್ ಹಟ ಮಾಡಿದರೆ ಫೋನ್ ಮಾಡಿ." ಅದರ ಕೆಳಗೆ ನಂಬರು. ಓದಿ ಮುಗಿಸಿದವರಿಗಷ್ಟೇ ಅದು ಸಿಗಬೇಕು.

ಸಿಗುತ್ತಲೂ ಇತ್ತು. ದಿನಕ್ಕೆ ಒಂದೆರಡು ಕರೆ ತಪ್ಪುತ್ತಿರಲಿಲ್ಲ. ದಾರ ತುಂಡಾಗುವ ಮಾತು ಮುಗಿದ ಮೇಲೆ ಅವರ ಸೊಂಟನೋವು, ಮಗಳ ಮದುವೆ, ಮನೆ ಮಾಲೀಕನ ಕಿರಿಕಿರಿ. ಆ ಕೋಣೆಯಲ್ಲಿ ಮಾತು ಅಂತ ಕೇಳುತ್ತಿದ್ದದ್ದು ಅಷ್ಟೇ. ಎರಡು ತಿಂಗಳಿಂದ ಅದೂ ಇಲ್ಲ. ಊಟಕ್ಕೆ ಕೂತಾಗ ಫೋನು ತಟ್ಟೆಯ ಪಕ್ಕ ಇರುತ್ತದೆ, ಸ್ನಾನಕ್ಕೆ ಹೋದರೆ ಬಾಗಿಲಾಚೆಯ ಸ್ಟೂಲಿನ ಮೇಲೆ. ಜನಕ್ಕೆ ತಾನು ಬೇಡವಾದೆನೇನೋ ಎಂದು ಅನ್ನಿಸತೊಡಗಿತ್ತು.

"ಎಲ್ಲಿದೆ ಆ ನಂಬರು?" ಎಂದು ಇಸ್ತ್ರಿಯವನು ತನ್ನ ಫೋನಿನಲ್ಲಿ ಬ್ಲಾಗ್ ತೆರೆದ. ಹೆಬ್ಬೆರಳಲ್ಲಿ ಸರಸರನೆ ತಳ್ಳಿದ. ಒಂದು ಬರಹ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಬಂದು ಕೂಡಿಕೊಂಡಿತು, ಅದರ ಹಿಂದೆ ಮತ್ತೊಂದು. ಕೆಳಗೆ ನಂಬರು ಚೂರು ಹಣಕಿ, ಮುಂದಿನ ಬರಹದ ಅಡಿಗೆ ಜಾರಿತು.

"ಇದೇನಕ್ಕಾ, ಕೆಲಸ ಹೇಳಿದ್ರೆ ನನ್ನ ತಮ್ಮ ಓಡೋ ಥರ ಓಡ್ತಿದೆ!"

ಅವಳು ನಗಲಿಲ್ಲ. ಎರಡು ತಿಂಗಳ ಹಿಂದೆ ಅಕ್ಕನ ಮಗಳು ಬಂದಿದ್ದಳು. "ಹಳೇ ಬರಹ ಬೇಕು ಅಂತ ಬಟನ್ ಒತ್ತೋರು ಯಾರು ಚಿಕ್ಕಮ್ಮ? ತಾನೇ ಬರೋ ಹಾಗೆ ಮಾಡ್ತೀನಿ" ಅಂದು ಕೂತಲ್ಲೇ ಮಾಡಿಕೊಟ್ಟು ಹೋಗಿದ್ದಳು. ಅಂದು ಇಬ್ಬರೂ ಮೇಲಿನ ಎರಡು ಬರಹ ನೋಡಿ ಖುಷಿಪಟ್ಟಿದ್ದರೇ ಹೊರತು ಕೊನೆ ಮುಟ್ಟಿ ನೋಡಿರಲಿಲ್ಲ. ಬರೆದದ್ದು ನೂರಾರಿತ್ತು. ಅಷ್ಟೂ ದಾಟಿ ಕೆಳಗಿಳಿಯುವ ತಾಳ್ಮೆ ಯಾರಿಗಿದೆ?

ಅಂಗಡಿಯ ಮೆಟ್ಟಿಲ ಮೇಲೆಯೇ ಕೂತು ಅಕ್ಕನ ಮಗಳಿಗೆ ಫೋನ್ ಮಾಡಿ, ನಂಬರು ಓಡಿಹೋಗುವುದನ್ನು ಹೇಳಿದಳು.

"ಆದ್ರೆ ಚಿಕ್ಕಮ್ಮ, ಜನ ಮೊದಲಿಗಿಂತ ಎಷ್ಟು ಹೆಚ್ಚು ಹೊತ್ತು ಓದ್ತಿದ್ದಾರೆ ಗೊತ್ತಾ?"

"ಓದ್ತಾರೆ ಕಣೆ. ಮಾತಾಡಲ್ಲ."

"ನಂಬರನ್ನ ಎಲ್ಲಕ್ಕಿಂತ ಮೇಲೆ ಹಾಕಿಬಿಡ್ಲಾ? ಆಗ ಓದದೇನೇ ಫೋನ್ ಮಾಡ್ತಾರೆ. ನಿಂಗೆ ಅದು ಆಗಲ್ಲ."

"ಹಾಕು. ಓದದಿದ್ರೂ ಮಾಡ್ಲಿ."

"ನೀನೇನಾ ಹೇಳ್ತಿರೋದು?"

"ನಾನೇ. ದಪ್ಪಕ್ಷರದಲ್ಲಿ ಹಾಕು."

ಆಫೀಸಿನ ಕೆಲಸ ಕುತ್ತಿಗೆಗೆ ಬಂದಿದೆ, ಭಾನುವಾರ ಕೂತು ಮಾಡುತ್ತೇನೆ ಎಂದಳು ಅಕ್ಕನ ಮಗಳು. ಅಂದು ಇನ್ನೂ ಸೋಮವಾರ.