ಸಾಲಿಗ್ರಾಮವೂ ನನ್ನ ಬಲಗೈಯೂ

ಆಚಮನಕ್ಕೆಂದು ಎತ್ತಿದ ಉದ್ಧರಣೆ ಕೈಜಾರಿತು. ತೆಗೆಯಲು ಬಾಗಿದೆ. ಬಲಗೈ ಬರಲಿಲ್ಲ. ‘ಕೇಶವ’ ಎನ್ನಹೊರಟ ನಾಲಗೆಯೂ ತೊದಲಿತು.

ಡೊಂಬಿವಲಿಯ ಆಸ್ಪತ್ರೆಯಲ್ಲಿ ಎಂ.ಆರ್.ಐ. ನೋಡಿದ ಡಾಕ್ಟರು ಸ್ಟ್ರೋಕ್ ಎಂದರು. ಕೆಲವು ವಾರಗಳಲ್ಲಿ ಮಾತು ಮರಳಿತು.

ಕೈ ಮರಳಲಿಲ್ಲ.

ಉಡುಪಿಯ ಸಂಸ್ಕೃತ ಪಾಠಶಾಲೆಯಿಂದ ನಾನಿಲ್ಲಿಗೆ ಬಂದಾಗ ಸ್ಟೇಷನ್ನಿನ ಹೊರಗೇ ಗದ್ದೆಗಳಿದ್ದವು. ತಂದೆಯವರು ಒಪ್ಪಿಸಿದ ಸಾಲಿಗ್ರಾಮದ ಸಂಪುಟವನ್ನು ಚಾಳಿನ ಒಂಟಿ ಕೋಣೆಯ ಹಲಗೆಯ ಮೇಲಿಟ್ಟು, ಪೂಜೆ ಮುಗಿಸಿ, ಲೋಕಲ್ ರೈಲು ಹಿಡಿದು ವಾಗ್ಳೆ ಎಸ್ಟೇಟಿನ ಕಾರ್ಖಾನೆಗೆ ಗುಮಾಸ್ತಿಕೆಗೆ ಹೋಗುತ್ತಿದ್ದೆ. ಗದ್ದೆಗಳ ಮೇಲೆ ಕಟ್ಟಡಗಳೆದ್ದವು. ಮುಷ್ಕರವಾಗಿ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲೀಗ ಗಾಜಿನ ಆಫೀಸುಗಳು. ಚಾಳನ್ನೂ ಕೆಡವಿದರು; ನೆಲಮಹಡಿಯ ಫ್ಲ್ಯಾಟಿಗೆ ಬಂದೆವು. ಮಹಾಮಳೆಯ ವರ್ಷ ನೀರು ಒಳನುಗ್ಗಿದಾಗ ಸಂಪುಟವನ್ನು ತಲೆಯ ಮೇಲೆ ಹೊತ್ತು ಮಹಡಿಯವರ ಮನೆಯಲ್ಲಿ ಪೂಜೆ ಮಾಡಿದೆ. ಲಾಕ್‌ಡೌನಿನಲ್ಲಿ ಹೂ ಸಿಗದೆ ಬರಿಯ ತುಳಸಿ ಏರಿಸಿದೆ. ಸೂತಕದ ದಿನಗಳ ಹೊರತು ಅಭಿಷೇಕ ತಪ್ಪಿರಲಿಲ್ಲ. ಕಾಲವು ಸುತ್ತಲಿನದನ್ನೆಲ್ಲ ಒಯ್ದರೂ ಇದೊಂದನ್ನು ಮುಟ್ಟದೆಂದು ನಂಬಿದ್ದೆ.

ಎಡಗೈಯ ಪೂಜೆ ಸಲ್ಲದು. ಗಂಡುಮಕ್ಕಳಿಲ್ಲ. ಸಾಲಿಗ್ರಾಮವನ್ನು ಹೆಂಗಸರು ಮುಟ್ಟುವ ರೂಢಿ ನಮ್ಮಲ್ಲಿಲ್ಲ. ನಾನು ಆಸ್ಪತ್ರೆ ಸೇರಿದಂದಿನಿಂದ ಬಂದು ನೈವೇದ್ಯ ಮಾಡಿಹೋಗುತ್ತಿದ್ದ ಪುರೋಹಿತರು, ಇನ್ನು ಮಠಕ್ಕೆ ಒಪ್ಪಿಸುವುದೇ ಕ್ರಮವೆಂದರು. ಸಮ್ಮತಿಸಿದೆ.

ಸುದ್ದಿ ಕೇಳಿ ಮಗಳು ಸುಧಾ ಘಣಸೋಲಿಯಿಂದ ಓಡಿಬಂದಳು.

“ಅಪ್ಪ, ಫಿಸಿಯೋಥೆರಪಿಗೆ ಟೈಮ್ ಬೇಕು ಅಂತ ಡಾಕ್ಟರ್ ಹೇಳಿದ್ದಾರಲ್ಲ. ಇಷ್ಟು ಜಲ್ದಿ ಯಾಕೆ?”

“ದೇವರನ್ನು ಉಪವಾಸ ಕೆಡವಬಾರದು, ಮಗಳೇ.”

ಅಡುಗೆಮನೆಯಿಂದ ನನ್ನ ಮಡದಿ ವಾರಿಜ ಹೊರಬಂದಳು. ಮದುವೆಯಾದಂದಿನಿಂದ ಗಂಧ ತೇಯ್ದು, ಹೂ ಹೊಂದಿಸಿ, ದೂರ ನಿಂತವಳು.

“ಫಿಸಿಯೋದವಳು ದಿನಾ ನಿಮ್ಮ ಕೈ ಹಿಡಿದು ಎತ್ತಿ ಇಳಿಸುತ್ತಾಳೆ. ಅವಳಾದರೆ ಹಿಡಿಯಬಹುದು, ನಾನು ಹಿಡಿದರೆ ಮೈಲಿಗೆಯೋ?”

“ವಾರಿಜ, ಶಾಸ್ತ್ರ...”

“ನಾನು ದೇವರನ್ನು ಮುಟ್ಟುವುದಿಲ್ಲ ಮಾರಾಯ್ರೆ. ನಿಮ್ಮನ್ನು ಮುಟ್ಟುತ್ತೇನೆ. ಅದಕ್ಕೆ ಅಗ್ನಿಸಾಕ್ಷಿ ಇದೆ.”

ಸುಧಾ ನಕ್ಕುಬಿಟ್ಟಳು. ನಾನು ಓದಿದ ಶಾಸ್ತ್ರದಲ್ಲೆಲ್ಲ ಅರಸಿದೆ; ಅನುಮತಿ ದೊರೆಯಲಿಲ್ಲ, ನಿಷೇಧವೂ ದೊರೆಯಲಿಲ್ಲ.

ಮರುದಿನ ಮಿಂದು ಮಡಿಯುಟ್ಟು ಅವಳು ನನ್ನ ಪಕ್ಕ ಕುಳಿತಳು. ಮಡಚಿಕೊಂಡ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಶಂಖವಿರಿಸಿ, ಮಣಿಕಟ್ಟು ಹಿಡಿದು ಬಾಗಿಸಿದಳು. ನಾನು ಮಂತ್ರ ಹೇಳಿದೆ. ನೀರು ಬಿತ್ತು. ಬಳಿಕ ನನ್ನ ಅಂಗೈಯನ್ನು ಸಾಲಿಗ್ರಾಮದ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟಳು.

ಮಠಕ್ಕೆ ಒಪ್ಪಿಸುವ ದಿನ ಬಂದೇ ಬರುತ್ತದೆ. ನಮ್ಮಿಬ್ಬರಲ್ಲಿ ಒಬ್ಬರು ಹೋದರೂ ಈ ಪೂಜೆ ನಿಲ್ಲುತ್ತದೆ. ಅಲ್ಲಿಯವರೆಗೆ ಹೀಗೆ, ಅಷ್ಟನ್ನು ದೇವರು ಕರುಣಿಸಿದ್ದಾನೆ.

ಆ ಕೈಗೆ ಸ್ಪರ್ಶವಿಲ್ಲ. ಕೆಳಗೆ ಸಾಲಿಗ್ರಾಮದ ತಂಪು, ಮೇಲೆ ಅವಳ ಅಂಗೈಯ ಬಿಸಿ, ಎರಡೂ ನನಗೆ ತಿಳಿಯವು. ಕಣ್ಣಿಂದ ನೋಡಿ ನಂಬುತ್ತೇನೆ.